ಕಾಲೇಜಿನ ಪರಿಸರ ಸಂಘ: ಸಸಿ ನೆಟ್ಟ ಮೇಲಿನ ಕೆಲಸ

ಪರಿಸರ ವಿಜ್ಞಾನ, ಅರಣ್ಯಶಾಸ್ತ್ರ, ವನ್ಯಜೀವಿ ವಿಜ್ಞಾನ, ಮಣ್ಣು ಮತ್ತು ನೀರಿನ ನಿರ್ವಹಣೆಯಂಥ ವಿಷಯಗಳನ್ನು ಕಲಿಸುವ ಕಾಲೇಜುಗಳಲ್ಲಿ ತರಗತಿಯ ಜೊತೆಗೇ ವಿದ್ಯಾರ್ಥಿ ಸಂಘಗಳೂ ಬೆಳೆದಿವೆ. ಸರ್ಕಾರಿ ಯೋಜನೆಯಡಿ ನಡೆಯುವ ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಘಟಕ ಮತ್ತು ಇಕೋ ಕ್ಲಬ್ ಒಂದು ಬಗೆ. ಹಕ್ಕಿ, ಕಾಡು, ಕೆರೆಯ ಹುಚ್ಚು ಹತ್ತಿಸಿಕೊಂಡ ಹತ್ತಾರು ಮಂದಿ ತಾವೇ ಕಟ್ಟಿಕೊಂಡ ನೇಚರ್ ಕ್ಲಬ್ ಇನ್ನೊಂದು ಬಗೆ. ವೃತ್ತಿಪರ ಸಂಸ್ಥೆಗಳ ವಿದ್ಯಾರ್ಥಿ ಶಾಖೆಗಳು ಮೂರನೆಯವು. ಇವು ಅಮೆರಿಕ, ಯುರೋಪಿನಲ್ಲಿ ಹೆಚ್ಚು, ನಮ್ಮಲ್ಲಿ ಕಡಿಮೆ. ಹೊರಗಿನವರ ಕಣ್ಣಿಗೆ ಎಲ್ಲವೂ ವಿಶ್ವ ಪರಿಸರ ದಿನವಾದ ಜೂನ್ 5ರಂದು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವ ಸಂಘಗಳೇ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಇಂಥ ಸಂಘಗಳಿಂದಲೇ ದೊಡ್ಡ ಚಳವಳಿಗಳು ಹುಟ್ಟಿವೆ, ವಿಜ್ಞಾನಕ್ಕೆ ಬೇಕಾದ ಮಾಹಿತಿಯೂ ಸಿಕ್ಕಿದೆ.

ವಿದ್ಯಾರ್ಥಿಗಳು ಪರಿಸರಕ್ಕಾಗಿ ದೊಡ್ಡ ಸಂಖ್ಯೆಯಲ್ಲಿ ಸೇರಿದ ದಿನ 1970ರ ಏಪ್ರಿಲ್ 22. ಅದರ ಹಿಂದಿನ ವರ್ಷ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾ ಕಡಲಲ್ಲಿ ತೈಲಬಾವಿ ಒಡೆದು, ಎಣ್ಣೆ ದಡದವರೆಗೂ ಹರಡಿತ್ತು. ವಿಯೆಟ್ನಾಂ ಯುದ್ಧದ ವಿರುದ್ಧ ಕ್ಯಾಂಪಸ್‌ಗಳಲ್ಲಿ ನಡೆಯುತ್ತಿದ್ದ ಚರ್ಚಾಕೂಟಗಳ ಮಾದರಿ ಪರಿಸರದ ವಿಷಯಕ್ಕೂ ಒಗ್ಗುತ್ತದೆ ಎಂದು ವಿಸ್ಕಾನ್ಸಿನ್‌ನ ಸೆನೆಟರ್ ಗೇಲಾರ್ಡ್ ನೆಲ್ಸನ್‌ಗೆ ಹೊಳೆಯಿತು. ಸಂಘಟನೆಯ ಹೊಣೆ ಹೊತ್ತ ಡೆನಿಸ್ ಹೇಯ್ಸ್‌ಗೆ ಆಗ 25 ವರ್ಷ. ದಿನಾಂಕ ಗೊತ್ತುಮಾಡುವಾಗಲೂ ಕಾಲೇಜಿನ ಕ್ಯಾಲೆಂಡರನ್ನೇ ನೋಡಿದರು: ವಸಂತದ ರಜೆ ಮುಗಿದಿರಬೇಕು, ಪರೀಕ್ಷೆ ಶುರುವಾಗಿರಬಾರದು. ಆ ಮೊದಲ ಭೂಮಿ ದಿನದಲ್ಲಿ ಸುಮಾರು 2 ಕೋಟಿ ಅಮೆರಿಕನ್ನರು ಪಾಲ್ಗೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಸ್ಥಾಪನೆಯಾಯಿತು.

ಭಾರತದ ಉದಾಹರಣೆ ಇಷ್ಟು ದೊಡ್ಡದಲ್ಲ, ಕಲಿಯುವುದಕ್ಕೆ ಮಾತ್ರ ಇದರಲ್ಲೇ ಹೆಚ್ಚಿದೆ. ಅರಾವಳಿಯ ತುದಿಯಾಗಿ ದೆಹಲಿಯೊಳಗೆ ಉಳಿದಿರುವ ರಿಡ್ಜ್ ಕಾಡನ್ನು ಕಡಿಯುವುದರ ವಿರುದ್ಧ 1979ರಲ್ಲಿ ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಒಟ್ಟುಗೂಡಿದರು. ಹಾಗೆ ಹುಟ್ಟಿದ ‘ಕಲ್ಪವೃಕ್ಷ’ ಸಂಘಟನೆ ಇಂದಿಗೂ ಕೆಲಸ ಮಾಡುತ್ತಿದೆ. 1983ರಲ್ಲಿ ಈ ಗುಂಪಿನವರು ಹಿಂದೂ ಕಾಲೇಜಿನ ನೇಚರ್ ಕ್ಲಬ್ ಜೊತೆ ಸೇರಿ ನರ್ಮದಾ ಕಣಿವೆಯಲ್ಲಿ ಸುಮಾರು 50 ದಿನ ಸುತ್ತಾಡಿ, ಅಣೆಕಟ್ಟುಗಳಿಂದ ಮುಳುಗಲಿದ್ದ ಊರುಗಳ ಜನರನ್ನು ಮಾತನಾಡಿಸಿದರು. ಅವರ ಅಧ್ಯಯನ 1984ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟವಾಯಿತು. ಈ ಅಣೆಕಟ್ಟುಗಳನ್ನು ಮುಂದೆ ವಿರೋಧಿಸಿದ ನರ್ಮದಾ ಬಚಾವೋ ಆಂದೋಲನ ಆಗಿನ್ನೂ ರೂಪುಗೊಂಡಿರಲಿಲ್ಲ. ಘೋಷಣೆ ಕೂಗುವ ಮೊದಲು ಹೋಗಿ ನೋಡಿ, ಕೇಳಿ, ಬರೆದುಕೊಂಡು ಬಂದ ಕ್ರಮ ಈ ಪ್ರಸಂಗದಲ್ಲಿ ಮುಖ್ಯ.

ಅದೇ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಬಳಿ ಅಪ್ಪಿಕೋ ಚಳವಳಿ ಶುರುವಾಯಿತು. ಗುತ್ತಿಗೆದಾರರ ಕೊಡಲಿಗೆ ಅಡ್ಡ ನಿಂತು ಮರಗಳನ್ನು ಅಪ್ಪಿಕೊಂಡವರ ಮುಂದಾಳುಗಳು ಕಾಲೇಜು ಸಂಘದವರಲ್ಲ, ಊರಿನ ಯುವಕ ಮಂಡಳಿಯವರು. ಇಂದು ಅದೇ ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯವಿದೆ.

ಪರಿಸರ ಕಲಿಕೆ ಕಡ್ಡಾಯವಾದದ್ದು ನ್ಯಾಯಾಲಯದ ಮೂಲಕ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ಆದೇಶ ಬಹಳ ವರ್ಷ ಕಡತದಲ್ಲೇ ಉಳಿಯಿತು. ನ್ಯಾಯಾಲಯ ಮತ್ತೆ ಬೆನ್ನುಹತ್ತಿದ ಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಆರು ತಿಂಗಳ ಪಠ್ಯವನ್ನು ರೂಪಿಸಿತು. ಅದರ 50 ಪಾಠಗಳಲ್ಲಿ ಕ್ಷೇತ್ರಕಾರ್ಯಕ್ಕೆ ಸಿಕ್ಕಿದ್ದು 5 ಪಾಠಗಳಷ್ಟು ಸಮಯ. ಅಂಕ ಮಾತ್ರ 25. ಸೀನಿಯರುಗಳ ವರದಿಯನ್ನು ನಕಲು ಮಾಡಿ, ಕೆರೆಯ ಮುಖವನ್ನೇ ನೋಡದೆ ಆ 25 ಅಂಕ ಗಿಟ್ಟಿಸಿದವರು ಕಡಿಮೆಯೇನಿಲ್ಲ. ಪಠ್ಯ ಬಿಟ್ಟ ಈ ಜಾಗವನ್ನು ತುಂಬಬೇಕಾದದ್ದು ಸಂಘ.

ಕಾಲೇಜುಗಳಲ್ಲಿ ಎಲ್ಲೆಡೆ ಕಾಣುವ ವ್ಯವಸ್ಥೆ ಎನ್‌ಎಸ್‌ಎಸ್. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಇದು ಆರಂಭವಾಯಿತು. ಚಾಲನೆ ಕೊಟ್ಟ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಆಗ ಬಳ್ಳಾರಿಯ ಸಂಸದರು. ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಹಳ್ಳಿಯೊಂದರಲ್ಲಿ ಏಳು ದಿನದ ವಿಶೇಷ ಶಿಬಿರ ಮುಗಿಸಬೇಕು. ಕೆರೆ ಹೂಳೆತ್ತುವುದು, ಇಂಗುಗುಂಡಿ ತೋಡುವುದು, ಕಲ್ಯಾಣಿ ಸ್ವಚ್ಛಗೊಳಿಸುವುದು ಈ ಶಿಬಿರಗಳ ಮಾಮೂಲಿ ಕೆಲಸ. ಶಾಲೆಗಳ ಮಟ್ಟದಲ್ಲಿ 2001–02ರಿಂದ ರಾಷ್ಟ್ರೀಯ ಹಸಿರು ಪಡೆಯ ಇಕೋ ಕ್ಲಬ್‌ಗಳಿವೆ.

ಸಂಘಗಳ ಹೆಚ್ಚಿನ ಶ್ರಮ ಹೋಗುವುದು ಸಸಿ ನೆಡುವುದಕ್ಕೆ. ವಿಶ್ವ ಪರಿಸರ ದಿನವನ್ನು ಮೊದಲು ಆಚರಿಸಿದ್ದು 1973ರಲ್ಲಿ. ಅದಕ್ಕೂ ಹಿಂದೆಯೇ, 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿ ವನಮಹೋತ್ಸವ ಶುರುಮಾಡಿದ್ದರು. ಮುನ್ಷಿ ಆರಿಸಿಕೊಂಡ ಜುಲೈ ತಿಂಗಳು ಮಳೆಯ ಲೆಕ್ಕದಲ್ಲಿ ಜಾಣತನದ್ದು. ಜೂನ್ 5ರ ಹೊತ್ತಿಗೆ ಮುಂಗಾರು ಕರಾವಳಿಯ ಬಾಗಿಲಲ್ಲಿರುತ್ತದೆ, ಬಯಲುಸೀಮೆಯ ಮಣ್ಣು ಇನ್ನೂ ಒಣಗಿಯೇ ಇರುತ್ತದೆ. ಇನ್ನೂ ದೊಡ್ಡ ತೊಡಕು ಮುಂದಿನ ಬೇಸಿಗೆ. ನೆಟ್ಟ ಸಸಿ ಉಳಿಯುತ್ತದೋ ಇಲ್ಲವೋ ಎಂಬುದು ಮೊದಲ ಫೆಬ್ರುವರಿಯಿಂದ ಮೇ ತನಕದ ತಿಂಗಳುಗಳಲ್ಲಿ ತೀರ್ಮಾನವಾಗುತ್ತದೆ. ವಿದ್ಯಾರ್ಥಿಗಳು ಪರೀಕ್ಷೆ ಬರೆದು ಊರಿಗೆ ಹೊರಡುವುದೂ ಸಾಮಾನ್ಯವಾಗಿ ಅದೇ ಸುಮಾರಿಗೆ. ಬೇಸಿಗೆಯಲ್ಲಿ ನೀರು ಹಾಕುವವರು ಯಾರು ಎಂಬುದು ಗೊತ್ತಾಗುವ ತನಕ ಗುಂಡಿ ತೋಡಬಾರದೆಂದು ನಿಯಮ ಮಾಡಿಕೊಂಡ ಸಂಘ ಕಡಿಮೆ ಸಸಿ ನೆಟ್ಟೀತು, ಹೆಚ್ಚು ಮರ ಉಳಿಸಿಕೊಂಡೀತು.

ಇದಕ್ಕಿಂತ ಕಡಿಮೆ ಖರ್ಚಿನ, ಹೆಚ್ಚು ಕಲಿಸುವ ಕೆಲಸವೆಂದರೆ ಎಣಿಕೆ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಿಲ ಹಕ್ಕಿಗಳ ಗಣತಿಯನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ 1998ರಲ್ಲಿ ಆರಂಭಿಸಿದವು. ಭಾರತದಲ್ಲಿ ಇದರ ಜೊತೆಗೆ ಕ್ಯಾಂಪಸ್ ಹಕ್ಕಿ ಗಣತಿಯೂ ನಡೆಯುತ್ತದೆ. ನಿಯಮ ಸರಳ: ಕನಿಷ್ಠ 15 ನಿಮಿಷ ನೋಡಬೇಕು, ಕಂಡ, ಕೇಳಿದ, ಗುರುತು ಹಿಡಿದ ಎಲ್ಲ ಜಾತಿಯನ್ನೂ ಬರೆಯಬೇಕು, ಕಾಗೆಯನ್ನೂ ಬಿಡಬಾರದು, ಪಟ್ಟಿಯನ್ನು ಇ-ಬರ್ಡ್ ತಾಣಕ್ಕೆ ಏರಿಸಬೇಕು.

ಬೆಳಗಿನ ಆರೂವರೆಗೆ ಹಾಸ್ಟೆಲ್ ಹಿಂದಿನ ಹೊಂಡದ ಬಳಿ ನಾಲ್ಕೈದು ಮಂದಿ ನಿಂತರೆ ಕಲಿಕೆ ಶುರು. ಹೊಸಬರು ಮೊದಲು ಎಡವುವುದು ಕೊಳದ ಬಕದ ಹತ್ತಿರ. ಕೂತಿದ್ದಾಗ ಅದು ಮಣ್ಣಿನ ಬಣ್ಣದ್ದು, ಕೆಸರಿನ ಅಂಚಿನಲ್ಲಿ ಕಣ್ಣಿಗೇ ಬೀಳದು. ಹಾರಿದ ಕ್ಷಣ ರೆಕ್ಕೆಯೆಲ್ಲ ಬಿಳಿ. ಕೂತದ್ದನ್ನು ಬಕವೆಂದು, ಹಾರಿದ್ದನ್ನು ಬೆಳ್ಳಕ್ಕಿಯೆಂದು ಒಂದೇ ಹಕ್ಕಿಯನ್ನು ಎರಡು ಸಲ ಬರೆದುಕೊಳ್ಳುವುದು ಮಾಮೂಲು. ಪಕ್ಕದಲ್ಲಿದ್ದ ಹಿರಿಯ ವಿದ್ಯಾರ್ಥಿ ತಿದ್ದಬೇಕು, ತಿದ್ದಿದರೂ ಹೊಸಬರು ಮುದುಡದಂತೆ ನೋಡಿಕೊಳ್ಳಬೇಕು. ಅನುಮಾನವಿದ್ದರೆ ಬರೆಯುವುದು ಬೇಡ ಎನ್ನುವ ಶಿಸ್ತೂ ಬೇಕು. ವ್ಯಕ್ತಿತ್ವ ವಿಕಸನದ ಕಾರ್ಯಾಗಾರಗಳಲ್ಲಿ ನಾಯಕತ್ವವೆಂದು ಹೇಳಿಕೊಡುವುದರ ಬಹುಪಾಲು ಈ 15 ನಿಮಿಷದಲ್ಲೇ ಅಡಗಿದೆ.

ಹಕ್ಕಿಯ ಹಿಂದೆ ಅಲೆಯಲಾಗದವರಿಗೆ ಮರ ಇದೆ. 1996ರಲ್ಲಿ ಮೈಸೂರಿನಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ‘ಸೀಸನ್ ವಾಚ್’ ಯೋಜನೆಯಲ್ಲಿ ವಿದ್ಯಾರ್ಥಿಗಳು ಒಂದು ಮರವನ್ನು ತಮ್ಮದಾಗಿಸಿಕೊಂಡು ಚಿಗುರು, ಮೊಗ್ಗು, ಹೂವು, ಕಾಯಿ ಎಷ್ಟಿವೆಯೆಂದು ವಾರವಾರ ದಾಖಲಿಸುತ್ತಾರೆ. ವಿಷುವಿಗೆ ಅರಳಬೇಕಾದ ಕೊನ್ನೆ, ಅಂದರೆ ನಮ್ಮ ಕಕ್ಕೆ, ಮೊದಲೇ ಅರಳುತ್ತಿದೆ ಎಂಬ ಮಾತು ಕೇರಳದಲ್ಲಿ ಆಗಾಗ ಕೇಳಿಬರುತ್ತದೆ. ಅದು ಬರೀ ನೆನಪಿನ ಮಾತೋ, ನಿಜವಾದ ಬದಲಾವಣೆಯೋ ಎಂದು ಹೇಳಲು ಇಂಥ ದಾಖಲೆಗಳೇ ಬೇಕು.

ಮೂರನೆಯ ಕೆಲಸ ಯಾರಿಗೂ ಇಷ್ಟವಾಗದ್ದು: ಕಸದ ಲೆಕ್ಕ. ಹಾಸ್ಟೆಲ್ಲಿನ ಒಂದು ದಿನದ ಕಸವನ್ನು ಹಸಿ, ಒಣ, ನೈರ್ಮಲ್ಯದ ಕಸ ಎಂದು ಬೇರೆಮಾಡಿ ತಕ್ಕಡಿಗೆ ಹಾಕಿದರೆ, ತಟ್ಟೆಯಲ್ಲಿ ಬಿಟ್ಟ ಅನ್ನವೇ ಎಷ್ಟು ಕಿಲೊ ಎಂಬುದು ಗೊತ್ತಾಗುತ್ತದೆ. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ 100 ಕಿಲೊಗಿಂತ ಹೆಚ್ಚು ಕಸ ಮಾಡುವ ಸಂಸ್ಥೆಗಳನ್ನು ‘ದೊಡ್ಡ ಪ್ರಮಾಣದ ಉತ್ಪಾದಕರು’ ಎಂದು ಗುರುತಿಸಿ, ಹಸಿಕಸವನ್ನು ಆದಷ್ಟೂ ಆವರಣದಲ್ಲೇ ಗೊಬ್ಬರ ಮಾಡುವಂತೆ ಹೇಳಿದವು. ಹಾಸ್ಟೆಲ್ ಇರುವ ದೊಡ್ಡ ಕಾಲೇಜುಗಳು ಸುಲಭವಾಗಿ ಈ ಲೆಕ್ಕಕ್ಕೆ ಬರುತ್ತವೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಮೌಲ್ಯಮಾಪನದ ವರ್ಷ ಹಸಿರು ಲೆಕ್ಕಪರಿಶೋಧನೆಯ ಕಡತ ಬೇಕಾಗುತ್ತದೆ, ಆಗ ಪರಿಸರ ಸಂಘಕ್ಕೆ ಎಲ್ಲಿಲ್ಲದ ಮರ್ಯಾದೆ. ಮೌಲ್ಯಮಾಪನ ಮುಗಿದ ಮೇಲೂ ತೂಕ ಹಾಕುವುದು ಮುಂದುವರಿದರೆ ಆ ಸಂಘ ಗಟ್ಟಿ ಎನ್ನಬೇಕು.

ಅರಣ್ಯಶಾಸ್ತ್ರವನ್ನೇ ವೃತ್ತಿಯಾಗಿ ಓದುವವರ ಸಂಘಗಳ ದಾರಿ ತುಸು ಬೇರೆ. ಕರ್ನಾಟಕದಲ್ಲಿ ಶಿರಸಿಯ ಜೊತೆ ಕೊಡಗಿನ ಪೊನ್ನಂಪೇಟೆಯಲ್ಲೂ ಅರಣ್ಯ ಮಹಾವಿದ್ಯಾಲಯವಿದೆ. ಜಾಗತಿಕ ಮಟ್ಟದಲ್ಲಿ ಇಂಥ ವಿದ್ಯಾರ್ಥಿಗಳನ್ನು ಬೆಸೆಯುವುದು 1990ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಅರಣ್ಯಶಾಸ್ತ್ರ ವಿದ್ಯಾರ್ಥಿಗಳ ಸಂಘ. ಇದರ ಕಚೇರಿ ಜರ್ಮನಿಯ ಫ್ರೈಬರ್ಗ್‌ನಲ್ಲಿದೆ, ನಡೆಸುವವರೆಲ್ಲ ವಿದ್ಯಾರ್ಥಿಗಳೇ. ವರ್ಷಕ್ಕೊಂದು ದೇಶದಲ್ಲಿ ಸಮಾವೇಶ ಸೇರುತ್ತದೆ. ವಿಶ್ವಸಂಸ್ಥೆಯ ಅರಣ್ಯ ಸಭೆಗಳಲ್ಲೂ ಯುವ ಪ್ರತಿನಿಧಿಗಳಾಗಿ ಇವರು ಕೂರುತ್ತಾರೆ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘದವರೇ ತರಬೇತಿ ಪಡೆದು ನಿಯಂತ್ರಿತ ಬೆಂಕಿ ಹಾಕುವ ತಂಡಗಳಲ್ಲಿ ಕೆಲಸ ಮಾಡುತ್ತಾರೆ. ಕಾಡ್ಗಿಚ್ಚಿನ ಮುಂಚೂಣಿ ಕೆಲಸಕ್ಕೆ ಅಲ್ಲಿರುವ ದೈಹಿಕ ಪರೀಕ್ಷೆ ಎಂದರೆ ಬೆನ್ನಿಗೆ 20 ಕಿಲೊ ಹೊತ್ತು ಸುಮಾರು 4.8 ಕಿಲೋಮೀಟರನ್ನು 45 ನಿಮಿಷದೊಳಗೆ ನಡೆಯುವುದು. ಓಡುವಂತಿಲ್ಲ.

ಸಂಘದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ಹುದ್ದೆಗಳಿಗೆ ಕರ್ನಾಟಕದಲ್ಲಿ ಒಂದು ವಿಶೇಷ ತೂಕವಿದೆ. 1980ರ ದಶಕದ ಕೊನೆಯಲ್ಲಿ ಇಲ್ಲಿ ಕಾಲೇಜು ಚುನಾವಣೆಗಳು ನಿಂತುಹೋದ ಮೇಲೆ, ಓರಗೆಯವರ ಪರವಾಗಿ ಹೊಣೆ ಹೊರುವ ಅವಕಾಶ ಇಂಥ ಸಂಘಗಳಲ್ಲೇ ಹೆಚ್ಚು ಉಳಿದಿದೆ. ಮೂವರಲ್ಲಿ ಕಾರ್ಯದರ್ಶಿಯ ಕೆಲಸವೇ ನಿಜವಾದದ್ದು. ಒಂದು ದಿನದ ಕಾಡಿನ ಭೇಟಿಗೆ ಪ್ರಾಂಶುಪಾಲರ ಮೂಲಕ ಅರಣ್ಯ ಇಲಾಖೆಗೆ ಪತ್ರ ಹೋಗಬೇಕು, ಅನುಮತಿ ಬರಬೇಕು. ಪೋಷಕರ ಒಪ್ಪಿಗೆ ಪತ್ರ, ಒಪ್ಪಂದದ ಬಸ್ಸಿನ ಮುಂಗಡ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಜೊತೆಗೆ ಬರುವ ಅಧ್ಯಾಪಕರು, ಊಟ, ಕೊನೆಗೆ ರಸೀದಿಗಳ ಸಮೇತ ಲೆಕ್ಕ. ಅರ್ಜಿಯನ್ನು ಯಾರಿಗೆ, ಹೇಗೆ ಬರೆದರೆ ಕೆಲಸವಾಗುತ್ತದೆ ಎಂಬುದನ್ನು ಇಪ್ಪತ್ತರ ವಯಸ್ಸಿನಲ್ಲೇ ಅರಿತವರಿಗೆ ಮುಂದೆ ಯಾವ ಕಚೇರಿಯೂ ಹೊಸದೆನಿಸದು.

ಸಂಘಗಳು ಸಾಯುವುದು ಈ ಹೊಣೆ ಕೈಬದಲಾಗುವಾಗ. ಪದವಿಯ ಅವಧಿ ಮೂರು ವರ್ಷವೋ ನಾಲ್ಕೋ; ಹುಮ್ಮಸ್ಸಿನ ಒಂದು ತಂಡ ಪಾಸಾಗಿ ಹೋದರೆ ದಾಖಲೆಗಳು ಯಾರದೋ ಲ್ಯಾಪ್‌ಟಾಪಿನಲ್ಲಿ ಕಳೆದುಹೋಗುತ್ತವೆ, ವಾಟ್ಸ್‌ಆ್ಯಪ್ ಗುಂಪು ತಣ್ಣಗಾಗುತ್ತದೆ. ಎರಡನೇ ವರ್ಷದವರನ್ನು ಜಂಟಿ ಕಾರ್ಯದರ್ಶಿ ಮಾಡಿ ಒಂದು ವರ್ಷ ಜೊತೆಯಲ್ಲಿ ನಡೆಸಿಕೊಂಡು ಹೋಗುವುದು ಹಳೆಯ, ಆದರೆ ಫಲ ಕೊಡುವ ಉಪಾಯ. ಹಾಜರಿ, ಪಟ್ಟಿ, ಲೆಕ್ಕ ಎಲ್ಲವನ್ನೂ ವಿಭಾಗದ ಬೀರುವಿನಲ್ಲಿಡುವುದು ಇನ್ನೊಂದು. ಮಾರ್ಗದರ್ಶಕ ಅಧ್ಯಾಪಕರು ಮುಂದೆ ನಿಂತರೆ ವಿದ್ಯಾರ್ಥಿಗಳು ಹಿಂದೆ ಸರಿಯುತ್ತಾರೆ, ಪೂರ್ತಿ ಕೈಬಿಟ್ಟರೆ ಅನುಮತಿಯೇ ಸಿಗುವುದಿಲ್ಲ. ಈ ಹದ ಗೊತ್ತಿರುವ ಅಧ್ಯಾಪಕರು ಸಿಕ್ಕ ಕಾಲೇಜುಗಳಲ್ಲಿ ಸಂಘಗಳು ದಶಕಗಟ್ಟಲೆ ಬದುಕಿವೆ.

ಕ್ಯಾಂಪಸ್ಸಿನ ಹೊರಗೂ ವೇದಿಕೆಗಳಿವೆ. ಸಂರಕ್ಷಣಾ ವಿಜ್ಞಾನದ ವಿದ್ಯಾರ್ಥಿ ಸಮ್ಮೇಳನ 2010ರಿಂದ ಬೆಂಗಳೂರಿನಲ್ಲಿ ನಡೆಯುತ್ತಿದೆ. ಕೇಂಬ್ರಿಜ್‌ನಲ್ಲಿ ನಡೆಯುವ ಇದೇ ಹೆಸರಿನ ಸಮ್ಮೇಳನ ಇದಕ್ಕೆ ಮಾದರಿ. ಭಾರತೀಯ ವಿಜ್ಞಾನ ಸಂಸ್ಥೆ 2000ದಲ್ಲಿ ಆರಂಭಿಸಿದ ಕೆರೆಗಳ ಕುರಿತ ‘ಲೇಕ್’ ಸಮ್ಮೇಳನದಲ್ಲಿ ಶಾಲಾ ಮಕ್ಕಳೂ ಪ್ರಬಂಧ ಮಂಡಿಸುತ್ತಾರೆ. ಅಧ್ಯಯನದಿಂದ ಸಾರ್ವಜನಿಕ ವಿಚಾರಕ್ಕೆ ದಾಟಲು ಕಾನೂನಿನಲ್ಲೇ ಬಾಗಿಲಿದೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಂತೆ ಯೋಜನೆಯೊಂದರ ಸಾರ್ವಜನಿಕ ಅಹವಾಲಿಗೆ ಕನಿಷ್ಠ 30 ದಿನದ ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ನೂರಾರು ಪುಟದ ಮೂಲ ವರದಿಯನ್ನು ಓದಿ, ಅದರಲ್ಲಿನ ಗಿಡ, ಪ್ರಾಣಿಗಳ ಪಟ್ಟಿ ತಮ್ಮ ಊರಿನದ್ದು ಹೌದೋ ಅಲ್ಲವೋ ಎಂದು ತಾಳೆನೋಡುವುದು ಪರಿಸರ ವಿದ್ಯಾರ್ಥಿಗಳಿಗೆ ಸಾಧ್ಯವಿರುವ ಕೆಲಸ. ಇದರಲ್ಲಿ ಘರ್ಷಣೆಯೂ ಇದೆ. 2020ರಲ್ಲಿ ಈ ಅಧಿಸೂಚನೆಯ ಹೊಸ ಕರಡಿಗೆ ಯುವಜನರಿಂದ ಆಕ್ಷೇಪಗಳ ಇ-ಮೇಲುಗಳು ಹರಿದಾಗ ಕೆಲವು ಯುವ ಪರಿಸರ ಗುಂಪುಗಳ ಜಾಲತಾಣಗಳೇ ಕೆಲಕಾಲ ಬಂದಾಗಿದ್ದವು.

ಅಷ್ಟು ದೂರ ಹೋಗಲು ಬಯಸದ ಸಂಘಗಳಿಗೆ ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡ, ಪ್ರಾಣಿಗಳ ಬಗ್ಗೆ ಊರಿನವರಿಗೆ ಗೊತ್ತಿರುವುದನ್ನು ಬರೆದಿಡುವ ಪುಸ್ತಕ ಇದೆ. 1990ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳ ಜಾಲ ಕಟ್ಟಿ ಇಂಥ ದಾಖಲಾತಿಯ ಪ್ರಯೋಗ ಮಾಡಿದರು. 2002ರ ಜೀವವೈವಿಧ್ಯ ಕಾಯ್ದೆಯ ಬಳಿಕ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಸಮಿತಿ ರಚಿಸಿ, ಅದರ ಮೂಲಕ ಈ ಪುಸ್ತಕ ಬರೆಸಬೇಕಾಯಿತು. ಹಸಿರು ನ್ಯಾಯಮಂಡಳಿ 2020ರ ಜನವರಿ ಅಂತ್ಯದ ಗಡುವು ಹಾಕಿದಾಗ ತರಾತುರಿಯಲ್ಲಿ ತಯಾರಾದ ಪುಸ್ತಕಗಳು ಎಷ್ಟೋ. ಊರಿನ ಹಿರಿಯರಿಗೆ ಗೊತ್ತಿರುವ ಬತ್ತದ ತಳಿ, ಮದ್ದಿನ ಸೊಪ್ಪು, ಹೊಳೆಯ ಮೀನು ಅವುಗಳಲ್ಲಿ ಬಿಟ್ಟುಹೋಗಿದ್ದರೆ ಸೇರಿಸಲು ಈಗಲೂ ಅವಕಾಶವಿದೆ. ಕಾಲೇಜು ಸಂಘವೊಂದು ಪಕ್ಕದ ಗ್ರಾಮ ಪಂಚಾಯಿತಿಗೆ ಹೋಗಿ, ಆ ಪುಸ್ತಕವನ್ನು ತೋರಿಸಿ ಎಂದು ಕೇಳುವುದರಿಂದ ಕೆಲಸ ಶುರುಮಾಡಬಹುದು.