ಹಳೆಯ ಹಾಡಿಗೆ ಹೊಸ ಕೊರಳು

ಯಶಸ್ಸು ಎಳೆಯ ವಯಸ್ಸಿನಲ್ಲಿಯೇ ಬರಬೇಕು, ಇಲ್ಲವಾದರೆ ಬಾರದು ಎಂಬ ಭಾವನೆ ಚಲನಚಿತ್ರ, ಸಂಗೀತಗಳ ಲೋಕದಲ್ಲಿ ಬಲವಾಗಿ ಬೇರೂರಿದೆ. ಈ ಭಾವನೆಯನ್ನು ಸುಳ್ಳಾಗಿಸಿದವರಲ್ಲಿ ವೇಲ್ಸ್ ದೇಶದ ಗಾಯಕ ಶೇಕಿನ್ ಸ್ಟೀವನ್ಸ್ ಒಬ್ಬರು.

ಅವರ ನಿಜನಾಮ ಮೈಕೆಲ್ ಬ್ಯಾರೆಟ್. ಕಾರ್ಡಿಫ್ ನಗರದ ಈಲಿ ಬಡಾವಣೆಯ ತುಂಬು ಸಂಸಾರವೊಂದರಲ್ಲಿ 1948ರ ಮಾರ್ಚ್ 4ರಂದು ಕಿರಿಯ ಮಗನಾಗಿ ಜನಿಸಿದರು. ಅಮೆರಿಕದ ಕರಿಯ ಜನರ ಲಯಗಾಯನವೂ ಹಳ್ಳಿಗಾಡಿನ ಹಾಡುಗಾರಿಕೆಯೂ ಬೆರೆತು ಹುಟ್ಟಿದ ರಾಕ್ ಅಂಡ್ ರೋಲ್ ಸಂಗೀತವು ಅವರ ಬಾಲ್ಯದಲ್ಲಿ ಬ್ರಿಟನ್ನನ್ನು ಆವರಿಸಿತ್ತು. ಅವರು ಯುವಕರಾಗುವ ಹೊತ್ತಿಗೆ ಬೀಟಲ್ಸ್ ತಂಡದ ಅಲೆ ಎದ್ದು, ಆ ಸಂಗೀತ ಹಳತೆನಿಸಿಕೊಂಡಿತು. ಬ್ಯಾರೆಟ್ ಮಾತ್ರ ಅದನ್ನು ಬಿಡಲಿಲ್ಲ. ವಾರವೆಲ್ಲ ಪೀಠೋಪಕರಣಗಳಿಗೆ ಮೆತ್ತೆ ಹೊದಿಸುವ ಕೆಲಸ, ಮನೆಮನೆಗೆ ಹಾಲು ಹಾಕುವ ಕೆಲಸ, ವಾರಾಂತ್ಯದಲ್ಲಿ ಹಾಡುಗಾರಿಕೆ.

ಮುಂದೆ ಸನ್‌ಸೆಟ್ಸ್ ಎಂಬ ತಂಡದೊಡನೆ ಅವರು ಊರೂರು ತಿರುಗಿದರು. 1970ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಂದಿತು, ಹೆಚ್ಚು ಮಾರಾಟವಾಗಲಿಲ್ಲ. ಬ್ರಿಟನ್ನಿನಲ್ಲಿಯೂ ಯುರೋಪಿನಲ್ಲಿಯೂ ಸಭಾಂಗಣಗಳು ತುಂಬುತ್ತಿದ್ದವು, ಆದರೆ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಹೀಗೆಯೇ ಹಲವು ವರ್ಷಗಳು ಉರುಳಿದವು.

1977ರ ಆಗಸ್ಟಿನಲ್ಲಿ ಎಲ್ವಿಸ್ ಪ್ರೀಸ್ಲಿ ನಿಧನರಾದರು. ಅದೇ ವರ್ಷದ ಕೊನೆಗೆ ಅವರ ಜೀವನವನ್ನು ಕುರಿತ ಸಂಗೀತ ನಾಟಕವೊಂದು ಲಂಡನ್ನಿನಲ್ಲಿ ರಂಗವೇರಿತು. ಎಲ್ವಿಸ್ ಪಾತ್ರವನ್ನು ವಹಿಸಿದ ಮೂವರಲ್ಲಿ ಸ್ಟೀವನ್ಸ್ ಒಬ್ಬರು. ಅದು ದೊಡ್ಡ ಅವಕಾಶವೂ ಹೌದು, ಅಪಾಯವೂ ಹೌದು. ಇನ್ನೊಬ್ಬರ ವೇಷ ತೊಟ್ಟವನು ಜೀವನವಿಡೀ ಆ ವೇಷದಲ್ಲಿಯೇ ಉಳಿದುಬಿಡಬಹುದು.

ಅವರು ಹಾಗೆ ಉಳಿಯಲಿಲ್ಲ. 1954ರಲ್ಲಿ ಸ್ಟುವರ್ಟ್ ಹ್ಯಾಂಬ್ಲೆನ್ ರಚಿಸಿ, ರೋಸ್‌ಮೇರಿ ಕ್ಲೂನಿ ಹಾಡಿ ಪ್ರಸಿದ್ಧಗೊಳಿಸಿದ್ದ ‘ದಿಸ್ ಓಲ್ ಹೌಸ್’ ಗೀತೆಯನ್ನು ಚುರುಕಾದ ಹೊಸ ಲಯದಲ್ಲಿ ಹಾಡಿದರು. 1981ರಲ್ಲಿ ಅದು ಬ್ರಿಟನ್ನಿನ ಗೀತೆಗಳ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿದಾಗ ಗಾಯಕರ ವಯಸ್ಸು ಮೂವತ್ತಮೂರು. ಅದೇ ವರ್ಷ 1950ರ ದಶಕದ್ದೇ ಆದ ‘ಗ್ರೀನ್ ಡೋರ್’ ಕೂಡ ಆ ಸ್ಥಾನ ಪಡೆಯಿತು. 1982ರಲ್ಲಿ ಅಗ್ರಸ್ಥಾನಕ್ಕೆ ಬಂದ ‘ಓ ಜೂಲಿ’ ಹಳೆಯ ಹಾಡಲ್ಲ. ಹಳೆಯ ಧಾಟಿಯಲ್ಲಿ ಅವರೇ ಹೊಸದಾಗಿ ರಚಿಸಿದ ಹಾಡು. ಪರಂಪರೆಯನ್ನು ಅನುಕರಿಸುವವನಿಗೂ ಅದನ್ನು ಬೆಳೆಸುವವನಿಗೂ ಇರುವ ಅಂತರ ಇಲ್ಲಿ ಕಾಣುತ್ತದೆ. 1985ರ ಕ್ರಿಸ್‌ಮಸ್ ಗೀತೆ ನಾಲ್ಕನೆಯ ಬಾರಿಗೆ ಅವರಿಗೆ ಪ್ರಥಮ ಸ್ಥಾನ ತಂದಿತು. ಅದು ಇಂದಿಗೂ ಪ್ರತಿ ಡಿಸೆಂಬರಿನಲ್ಲಿ ಬ್ರಿಟನ್ನಿನ ಮನೆಗಳಲ್ಲಿ ಕೇಳಿಬರುತ್ತದೆ.

2016ರಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ, ಅವರು ತಮ್ಮ ಕುಲದ ಬೇರುಗಳನ್ನು ಹುಡುಕಿ ಹೊರಟು ‘ಎಕೋಸ್ ಆಫ್ ಅವರ್ ಟೈಮ್ಸ್’ ಎಂಬ ಗೀತಸಂಕಲನ ಹೊರತಂದರು. ಕಾರ್ನ್‌ವಾಲ್ ಪ್ರದೇಶದ ತಾಮ್ರದ ಗಣಿಗಳಲ್ಲಿ ದುಡಿದ ಪೂರ್ವಿಕರ ಬದುಕು ಅಲ್ಲಿ ಹಾಡಾಗಿದೆ.

ಹಾಲು ಹಂಚಿದ ದಿನಗಳಾಗಲಿ ಸಣ್ಣ ಸಭಾಂಗಣಗಳ ದೀರ್ಘ ವರ್ಷಗಳಾಗಲಿ ವ್ಯರ್ಥವಾಗಲಿಲ್ಲ. ಕೊರಳು ಹದಗೊಂಡದ್ದು ಅಲ್ಲಿಯೇ. ಲೋಕವು ಹಳತೆಂದು ಬದಿಗಿಟ್ಟದ್ದು, ಪ್ರೀತಿಯಿಂದ ದಿನವೂ ಅಭ್ಯಾಸ ಮಾಡುವವರು ಇರುವವರೆಗೆ, ಅಳಿದುಹೋಗುವುದಿಲ್ಲ.