ಶಿಲೀಂಧ್ರ ಸಾಕುವ ಕೀಟಗಳು ಮತ್ತು ಅವುಗಳ ಸೊಪ್ಪು

ಯಲ್ಲಾಪುರ ತಾಲೂಕಿನ ವಜ್ರಳ್ಳಿ ಸೀಮೆಯ ಸೊಪ್ಪಿನ ಬೆಟ್ಟಗಳಲ್ಲಿ ಉದುರುವ ತರಗೆಲೆಗೆ ಇಬ್ಬರು ಹಕ್ಕುದಾರರು. ಒಬ್ಬರು ಅಡಿಕೆ ಬೆಳೆಗಾರರು. ಘಟ್ಟದ ಮೇಲಿನ ತಾಲೂಕುಗಳಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿಗಾಗಿ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದಿದೆ. ಇನ್ನೊಬ್ಬರು ಹುತ್ತದ ಒರಲೆಗಳು. ಒಡೊಂಟೊಟರ್ಮಿಸ್ ಕುಲದ ಈ ಗೆದ್ದಲುಗಳು ಎಲೆ, ಕಡ್ಡಿ, ತೊಗಟೆಗಳನ್ನು ಒಯ್ದು ನೆಲದಡಿಯಲ್ಲಿ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತವೆ. ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕದಲ್ಲಿ ಶುರುವಾದ ಬೇಸಾಯ ಇದು. ಅದಕ್ಕೂ ಮೊದಲೇ, 5 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ, ದಕ್ಷಿಣ ಅಮೆರಿಕದ ಇರುವೆಗಳು ಇದೇ ಕಸುಬನ್ನು ಬೇರೆಯಾಗಿಯೇ ಕಂಡುಕೊಂಡಿದ್ದವು. ಎಲೆ ಕತ್ತರಿಸುವ ಇರುವೆಗಳು ಆ ಮನೆತನದವು. ಭಾರತದಲ್ಲಿ ಅವು ಇಲ್ಲ. ಆದರೆ ಯಾವ ಸೊಪ್ಪು ಶಿಲೀಂಧ್ರಕ್ಕೆ ಒಗ್ಗುತ್ತದೆ, ಯಾವುದು ವಿಷವಾಗುತ್ತದೆ ಎಂಬುದು ಸ್ಪಷ್ಟವಾಗಿ ತಿಳಿದುಬಂದಿರುವುದು ಹೆಚ್ಚಾಗಿ ಅವುಗಳನ್ನು ಪ್ರಯೋಗಾಲಯಗಳಲ್ಲಿ, ಮೃಗಾಲಯಗಳಲ್ಲಿ ಸಾಕಿದ್ದರಿಂದ.

ಆಟಾ, ಆಕ್ರೊಮೈರ್ಮೆಕ್ಸ್ ಮುಂತಾದ ಕುಲಗಳ ಈ ಇರುವೆಗಳು ಕತ್ತರಿಸಿದ ಎಲೆಯನ್ನು ತಿನ್ನುವುದಿಲ್ಲ. ದೊಡ್ಡ ಇರುವೆಗಳು ಕತ್ತರಿಸುವಾಗ ಒಸರುವ ರಸವನ್ನಷ್ಟೇ ಹೀರುತ್ತವೆ. ಗೂಡಿಗೆ ಬಂದ ತುಂಡುಗಳನ್ನು ನೆಕ್ಕಿ, ಜಗಿದು, ಶಿಲೀಂಧ್ರದ ಮೇಲೆ ಹಾಸುತ್ತವೆ. ಮರಿಗಳು ಬೆಳೆಯುವುದು ಆ ಶಿಲೀಂಧ್ರ ತಿಂದು. ಹಾಗಾಗಿ ಇರುವೆಗೆ ರುಚಿಸಿದ್ದೆಲ್ಲ ಗೂಡಿಗೆ ಕ್ಷೇಮವಲ್ಲ. ಶಿಲೀಂಧ್ರವನ್ನು ಕೊಲ್ಲುವ ಅಂಶವಿರುವ ಎಲೆಯನ್ನೂ ಇರುವೆಗಳು ಮೊದಲು ಉತ್ಸಾಹದಿಂದಲೇ ಸಾಗಿಸುತ್ತವೆ. ಒಂದೆರಡು ದಿನದೊಳಗೆ ಶಿಲೀಂಧ್ರ ಸೊರಗತೊಡಗಿದಾಗ ಆ ಗಿಡವನ್ನು ಮುಟ್ಟುವುದನ್ನು ನಿಲ್ಲಿಸುತ್ತವೆ, ಮುಂದೆ ಹಲವು ವಾರಗಳವರೆಗೆ ಅದನ್ನು ನೆನಪಿಟ್ಟು ದೂರವಿಡುತ್ತವೆ. ಇರುವೆಗೆ ಏನೂ ಮಾಡದ, ಶಿಲೀಂಧ್ರವನ್ನು ಮಾತ್ರ ಕುಗ್ಗಿಸುವ ಸೈಕ್ಲೊಹೆಕ್ಸಿಮೈಡ್ ಎಂಬ ರಾಸಾಯನಿಕವನ್ನು ಮೇವಿಗೆ ಬೆರೆಸಿ ವಿಜ್ಞಾನಿಗಳು ಈ ನಡವಳಿಕೆಯನ್ನು ಖಚಿತಪಡಿಸಿಕೊಂಡಿದ್ದಾರೆ. ಕಾಡಿನಲ್ಲಾದರೆ ಬೇರೆ ನೂರು ಗಿಡಗಳಿವೆ. ಪೆಟ್ಟಿಗೆಯೊಳಗಿನ ಗೂಡಿಗೆ ಸಾಕುವವರು ಕೊಟ್ಟದ್ದೇ ಗತಿ, ತಪ್ಪಿದರೆ ಇಡೀ ಗೂಡು ನಾಶವಾಗಬಹುದು.

ಬ್ರಿಟನ್ನಿನಲ್ಲಿ ಸಾಕುವವರು ಕಾಡು ಬ್ಲ್ಯಾಕ್‌ಬೆರ್ರಿಯ ಮುಳ್ಳುಬಳ್ಳಿ, ಗುಲಾಬಿಯ ಎಲೆ ಮತ್ತು ಎಸಳು, ಬೇಲಿಗೆ ನೆಡುವ ಪ್ರಿವೆಟ್ ಇವುಗಳನ್ನು ನಂಬಿಕೊಂಡಿದ್ದಾರೆ. ನಡುನಡುವೆ ಸೇಬಿನ ಹೋಳು, ಓಟ್ಸ್ ಸಹ ಕೊಡುತ್ತಾರೆ. ಬಲಿತ ಎಲೆಗಿಂತ ಎಳೆಯದು ಮೇಲು, ಒಂದೇ ಗಿಡಕ್ಕಿಂತ ನಾಲ್ಕಾರು ಗಿಡಗಳ ಮಿಶ್ರಣ ಮೇಲು. ಹೊಸ ಸೊಪ್ಪನ್ನು ಸ್ವಲ್ಪವೇ ಕೊಟ್ಟು ಎರಡು ಮೂರು ದಿನ ಗೂಡಿನ ತಿಪ್ಪೆಯನ್ನು ಗಮನಿಸಬೇಕು. ತಿಪ್ಪೆಗೆ ಸೇರಬೇಕಾದದ್ದು ಸಾರ ಕಳೆದುಕೊಂಡ ಕಂದು ಪುಡಿ. ಅಲ್ಲಿ ಹಸಿರು ಮಾಸದ ತುಂಡುಗಳು ಕಂಡರೆ ಆ ಸೊಪ್ಪನ್ನು ಕೂಡಲೇ ನಿಲ್ಲಿಸಬೇಕು. ಸಾಕುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಬೇಡವೆಂದು ಗೊತ್ತಾಗಿರುವ ಗಿಡಗಳಲ್ಲಿ ಎಳ್ಳು, ಔಡಲ ಎರಡೂ ಕನ್ನಡ ನಾಡಿನ ಹಳೆಯ ಬೆಳೆಗಳೇ. ಎಳ್ಳಿನ ಎಲೆಯನ್ನೇ ತಿನ್ನಿಸಿದ ಗೂಡುಗಳಲ್ಲಿ ಶಿಲೀಂಧ್ರ ಕುಗ್ಗುತ್ತ ಹೋದದ್ದನ್ನು ಬ್ರೆಜಿಲ್‌ನ ಸಂಶೋಧಕರು ದಾಖಲಿಸಿದ್ದಾರೆ. ಔಡಲದ ಎಲೆ ಇರುವೆಗೂ ಶಿಲೀಂಧ್ರಕ್ಕೂ ಕೆಡುಕು. ಮಧ್ಯ ಅಮೆರಿಕದ ಹೈಮೆನಿಯಾ ಮರದ ಎಲೆಯನ್ನು ಇರುವೆಗಳು ಬಿಡುವುದಕ್ಕೆ ಅದರಲ್ಲಿರುವ, ಶಿಲೀಂಧ್ರ ಕೊಲ್ಲುವ ಟರ್ಪೀನ್ ಕಾರಣವೆಂದು 1983ರಲ್ಲಿ ತೋರಿಸಲಾಯಿತು. ಗಿಡದ ಜಾತಿ ಒಳ್ಳೆಯದಿದ್ದರೂ ಸಿಂಪಡಣೆಯಾಗಿದ್ದರೆ ಅಪಾಯ ತಪ್ಪಿದ್ದಲ್ಲ. ವಜ್ರಳ್ಳಿಯಂಥ ಅಡಿಕೆ ಸೀಮೆಯಲ್ಲಿ ಕೊಳೆರೋಗಕ್ಕೆ ಮಳೆಗಾಲದ ಆರಂಭದಲ್ಲಿ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಶೇ. 1ರ ಬೋರ್ಡೋ ದ್ರಾವಣ ಹೊಡೆಯುತ್ತಾರೆ: 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ಅಡಿಕೆಯ ಗೊನೆಗೆ ಹೊಡೆದದ್ದು ಕೆಳಗಿನ ಬಾಳೆ, ಏಲಕ್ಕಿ, ಕಳೆಗಿಡಗಳ ಮೇಲೂ ನೀಲಿ ಕಲೆಯಾಗಿ ಕೂರುತ್ತದೆ. ಆ ತಾಮ್ರ ಕೊಳೆಯನ್ನು ತಡೆಯುವಂತೆಯೇ ಸಾಕುವ ಶಿಲೀಂಧ್ರವನ್ನೂ ಹಾಳುಮಾಡುತ್ತದೆ.

ಒರಲೆಯ ಆಯ್ಕೆ ಬೇರೆ ದಾರಿಯದು. ಹಸಿರೆಲೆಗಿಂತ ಒಣಗಿದ್ದೇ ಅದಕ್ಕೆ ಇಷ್ಟ. ಮರದಲ್ಲಿ ಸಹ ಅದು ಭೇದ ಮಾಡುತ್ತದೆ. ಸಾಗವಾನಿಯ ಚೇಗಿನಲ್ಲಿ ಟೆಕ್ಟೊಕ್ವಿನೋನ್ ಎಂಬ ವಿಕರ್ಷಕ ಇರುವುದರಿಂದ ಅದನ್ನು ಬಿಟ್ಟು ಸುತ್ತಲಿನ ಬಿಳಿ ಭಾಗವನ್ನು ತಿನ್ನುತ್ತದೆ. ನುಂಗಿದ ತರಗು ಅರೆಬರೆ ಜೀರ್ಣವಾಗಿ, ಶಿಲೀಂಧ್ರದ ಬೀಜಕಣಗಳ ಸಮೇತ ಹಿಕ್ಕೆಯಾಗಿ ಹೊರಬೀಳುತ್ತದೆ. ಅದನ್ನು ಪೇರಿಸಿದ ರಚನೆಗೆ ಮೆದುಳಿನಂಥ ಮಡಿಕೆಗಳು, ಅದರ ಮೈಮೇಲೆ ಒಂದೆರಡು ಮಿಲಿಮೀಟರಿನ ಬಿಳಿ ಉಂಡೆಗಳು. ಎಳೆಯ ಒರಲೆಗಳು ಈ ಉಂಡೆಗಳನ್ನು ತಿನ್ನುತ್ತವೆ. ಹಳತಾದ ಭಾಗ ಹಿರಿಯ ಒರಲೆಗಳ ಪಾಲು. ಮಳೆಗಾಲದಲ್ಲಿ ಹುತ್ತದ ಬುಡದಲ್ಲಿ ಏಳುವ, ಹಳ್ಳಿಗರು ಹುಡುಕಿಕೊಂಡು ಹೋಗುವ ಅಣಬೆ ಇದೇ ಶಿಲೀಂಧ್ರದ್ದು. ಹೊಸ ಹುತ್ತದ ಮೊದಲ ಕೆಲಸಗಾರ ಒರಲೆಗಳು ಹೊರಗೆ ಬರುವ ಹೊತ್ತಿಗೆ ಅದರ ಬೀಜಕಣಗಳು ತರಗಿನ ಮೇಲೆ ಬಿದ್ದಿರುತ್ತವೆ. ಎಲೆ ಕತ್ತರಿಸುವ ಇರುವೆಗಳ ರಾಣಿ ಮಾತ್ರ ತವರಿನ ಶಿಲೀಂಧ್ರದ ಚೂರನ್ನು ಬಾಯಿಯ ಚೀಲದಲ್ಲಿಟ್ಟುಕೊಂಡೇ ಹೊರಡುತ್ತಾಳೆ.

ತರಗಿನೊಂದಿಗೆ ಕಳೆ ಕೂಡ ಒಳಗೆ ಬರುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಸೂಡೊಕ್ಸೈಲೇರಿಯ ಎಂಬ ಶಿಲೀಂಧ್ರ. ಬೆಳೆಯ ವಾಸನೆಗೂ ಕಳೆಯ ವಾಸನೆಗೂ ಇರುವ ವ್ಯತ್ಯಾಸ ಹಿಡಿದು ಒರಲೆಗಳು ಕಳೆಯನ್ನು ಮಣ್ಣಿನಲ್ಲಿ ಹೂಳುತ್ತವೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಅವರ ತಂಡ 2017ರಲ್ಲಿ ಪ್ರಕಟಿಸಿತು. ಮೇವಿನ ಆಯ್ಕೆ ಎಷ್ಟು ಸರಿಯಿದ್ದರೂ ಈ ಆರೈಕೆ ನಿಂತರೆ ಬೆಳೆ ಉಳಿಯದು: ಒರಲೆಗಳಿಂದ ಬೇರ್ಪಡಿಸಿ ತೆಗೆದಿಟ್ಟ ಶಿಲೀಂಧ್ರದ ತೋಟವನ್ನು ಕೆಲವೇ ದಿನಗಳಲ್ಲಿ ಸೂಡೊಕ್ಸೈಲೇರಿಯ ಆವರಿಸಿಕೊಳ್ಳುತ್ತದೆ.