ಬೆನ್ನಿನ ಇಂಜೆಕ್ಷನ್ನಿನಲ್ಲಿ ಮಾರ್ಫಿನ್: ಹೆದರಬೇಕಾ?

ಮಸ್ಕತ್ತಿನಲ್ಲಿ ನಮ್ಮ ಎರಡನೇ ಮಗುವಿನ ಸಿಸೇರಿಯನ್ನಿಗೆ ಇನ್ನೊಂದೇ ಗಂಟೆ ಇತ್ತು. ನರ್ಸ್ ಕೊಟ್ಟ ಒಪ್ಪಿಗೆ ಪತ್ರದಲ್ಲಿ ಒಂದು ಪದ ಕಂಡು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಾರ್ಫಿನ್! ಊರಿಂದ ಕೆಮ್ಮಿನ ಔಷಧಿ ತರೋಕೂ ಡಾಕ್ಟರ ಚೀಟಿ ಹುಡುಕುವ ಗಲ್ಫ್ ಜನ ನಾವು. ಈ ಹೆಸರು ಓದಿದರೆ ಎದೆ ಧಸಕ್ ಅನ್ನದೆ ಇರುತ್ತಾ? ‘ಇದು ಬೇಡ’ ಅಂತ ಬರೆಯೋಕೆ ಪೆನ್ನು ತೆಗೆದೇಬಿಟ್ಟಿದ್ದೆವು.

ಅಷ್ಟರಲ್ಲಿ ಅರಿವಳಿಕೆ ಡಾಕ್ಟರು ಬಂದು, ಹತ್ತು ನಿಮಿಷ ಕೂತು ವಿವರಿಸಿದರು. ಅವರಿಂದ ಕೇಳಿದ್ದು, ಆಮೇಲೆ ಓದಿ ತಿಳಿದಿದ್ದು, ಎರಡನ್ನೂ ಇಲ್ಲಿ ಹೇಳುತ್ತಿದ್ದೇವೆ. ನಾವು ಲೆಕ್ಕ ಬರೆಯೋರು, ಡಾಕ್ಟರಲ್ಲ. ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡುವುದು 1898ರಿಂದ ಇದೆ. ಈಗ ಹೆಚ್ಚಾಗಿ ಬಳಸುವ ಬ್ಯುಪಿವಕೇನ್ ಎದೆಯಿಂದ ಕೆಳಗೆ ಮರಗಟ್ಟಿಸುತ್ತದೆ. ಆದರೆ ಕೆಲವೇ ಗಂಟೆಯಲ್ಲಿ ಅದರ ಶಕ್ತಿ ಇಳಿಯುತ್ತದೆ, ನಿಜವಾದ ನೋವು ಶುರುವಾಗುವುದೇ ಆಗ. ಊರಲ್ಲಿ ಮೊದಲ ಹೆರಿಗೆಯಾದ ರಾತ್ರಿ ನಮ್ಮ ಮನೆಯವರಿಗೆ ಮಗ್ಗುಲು ಬದಲಿಸೋಕೂ ಆಗಿರಲಿಲ್ಲ. ಮಗು ಅತ್ತಾಗಲೆಲ್ಲ ಅತ್ತೆಯವರು ಎತ್ತಿ ಕೊಡುತ್ತಿದ್ದರು. ಇಲ್ಲಿ ಅತ್ತೆಯವರಿಲ್ಲ, ಬಾಣಂತನಕ್ಕೆ ಅಂತ ಬರುವವರೂ ಇಲ್ಲ.

ಆ ನೋವಿಗಾಗಿಯೇ ಬ್ಯುಪಿವಕೇನ್ ಜೊತೆ ಚೂರು ಓಪಿಯಾಯ್ಡ್ ಸೇರಿಸುತ್ತಾರೆ. ಫೆಂಟನಿಲ್ ಆದರೆ ಸಾಮಾನ್ಯವಾಗಿ 10ರಿಂದ 15 ಮೈಕ್ರೋಗ್ರಾಂ. ಅದು ನಿಮಿಷಗಳಲ್ಲೇ ಕೆಲಸ ಶುರು ಮಾಡಿ, ಆಪರೇಷನ್ ಹೊತ್ತಿನಲ್ಲಿ ಒಳಗೆ ಜಗ್ಗಿದಂತಾಗುವ ಕಷ್ಟವನ್ನು ತಗ್ಗಿಸುತ್ತದೆ. ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಮಾರ್ಫಿನ್ ನಿಧಾನದ್ದು, ಆದರೆ 12ರಿಂದ 24 ಗಂಟೆ ನೋವನ್ನು ಹಿಡಿದಿಡುತ್ತದೆ. ಅದರ ಪ್ರಮಾಣ ಸಾಮಾನ್ಯವಾಗಿ 100ರಿಂದ 150 ಮೈಕ್ರೋಗ್ರಾಂ.

ಇಲ್ಲಿ ನಮ್ಮ ಲೆಕ್ಕದ ಬುದ್ಧಿ ಎಚ್ಚರವಾಯಿತು. ಸ್ನಾಯುವಿಗೆ ಚುಚ್ಚುವ ಮಾರ್ಫಿನ್ 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ. ಬೆನ್ನಿಗೆ ಕೊಡುವುದು ಅದರ ನೂರನೇ ಒಂದು ಪಾಲಿನಷ್ಟು! ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ನೇರವಾಗಿ ಸೇರುವುದರಿಂದ ಅಷ್ಟೇ ಸಾಕು. ಇಷ್ಟು ಕಡಿಮೆ ಇರುವುದರಿಂದ ಮಗುವಿಗೆ ಹಾಲಿನಲ್ಲಿ ಹೋಗುವುದು ತೀರಾ ಅತ್ಯಲ್ಪ. ಒಂದೇ ಸಲದ್ದಾದ್ದರಿಂದ ಚಟದ ಭಯವೂ ಬೇಡ.

ಖರ್ಚಿನ ಕಡೆಯನ್ನೂ ನೋಡಬೇಕಲ್ಲ. ನವೆ ಬಹಳ ಜನಕ್ಕೆ ಆಗುತ್ತದೆ, ಅದರಲ್ಲೂ ಮುಖ, ಮೂಗು. ನಮ್ಮ ಮನೆಯವರು ಮೂಗು ಉಜ್ಜಿಕೊಳ್ಳುವುದನ್ನು ವಿಡಿಯೋ ಕಾಲಿನಲ್ಲಿ ನೋಡಿ ಅತ್ತೆಯವರು, “ಅಯ್ಯೋ, ಔಷಧಿ ನಂಜಾಗಿದೆ ಕಣ್ರಪ್ಪಾ!” ಅಂತ ಗಾಬರಿಯಾದರು. ಮೊದಲೇ ಹೇಳಿದ್ದರಿಂದ ನಾವು ಹೆದರಲಿಲ್ಲ. ಇದು ಸಾಮಾನ್ಯವಾಗಿ ಅಲರ್ಜಿಯಲ್ಲ, ಮಾರ್ಫಿನ್ನಿನ ಗುಣ. ಆದರೂ ನರ್ಸಿಗೆ ಹೇಳಿ, ತಡೆಯಲಾಗದಿದ್ದರೆ ಔಷಧಿ ಇದೆ. ವಾಂತಿ, ವಾಕರಿಕೆಯೂ ಬರಬಹುದು.

ಅಪರೂಪಕ್ಕೆ, ಗಂಟೆಗಳ ನಂತರ ಉಸಿರಾಟ ನಿಧಾನವಾಗಬಹುದು. ಅದಕ್ಕೇ ಮೊದಲ ದಿನ ನರ್ಸ್‌ಗಳು ಆಗಾಗ ಬಂದು ಉಸಿರು ಎಣಿಸುತ್ತಾರೆ. “ಈಗ ತಾನೇ ಮಲಗಿದ್ದಾರೆ, ಆಮೇಲೆ ಬನ್ನಿ” ಅಂತ ದಯವಿಟ್ಟು ವಾಪಸ್ ಕಳಿಸಬೇಡಿ. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾ ಉಸಿರು ನಿಲ್ಲುವ ತೊಂದರೆ ಇದ್ದರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಯಾವ ಔಷಧಿಯಾದರೂ ಒಗ್ಗದಿದ್ದರೆ ಮೊದಲೇ ಹೇಳಿ, ನಾಚಿಕೆ ಬೇಡ. ಪ್ಯಾರಾಸಿಟಮಾಲ್‌ನಂಥ ನೋವಿನ ಮಾತ್ರೆ ಕೊಟ್ಟರೆ, ನೋವಿಲ್ಲ ಅಂತ ಬಿಡದೆ ಹೊತ್ತಿಗೆ ಸರಿಯಾಗಿ ನುಂಗಿ.

ಎಲ್ಲ ಕೇಳಿದ ಮೇಲೆ ನಮ್ಮ ಮನೆಯವರೇ ಪೆನ್ನು ಕಿತ್ತುಕೊಂಡು ಸಹಿ ಹಾಕಿದರು. ಮರುದಿನ ಬೆಳಗ್ಗೆ ನಾವು ಕ್ಯಾಂಟೀನಿನಿಂದ ಚಹಾ ತರುವಷ್ಟರಲ್ಲಿ ಅವರೇ ಎದ್ದು ಕೂತು, ಮಗುವನ್ನು ಎತ್ತಿಕೊಂಡು ಹಾಲು ಕುಡಿಸುತ್ತಿದ್ದರು.

ನಿಮಗೂ ಅಂಥ ಹಾಳೆ ಬಂದರೆ ಓದದೆ ಸಹಿ ಹಾಕಬೇಡಿ, ಕೇಳದೆ ಹೊಡೆದೂ ಹಾಕಬೇಡಿ. ಯಾವ ಔಷಧಿ, ಎಷ್ಟು, ಎಷ್ಟು ಹೊತ್ತು, ರಾತ್ರಿ ಯಾರು ನೋಡಿಕೊಳ್ಳುತ್ತಾರೆ? ಈ ನಾಲ್ಕು ಪ್ರಶ್ನೆ ಕೇಳಿ.